ಕಡೆಯ ದಿನದ ನಿರೀಕ್ಷೆಯೂ ಇಂದಿನ ಕರ್ತವ್ಯವೂ

(ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ತಾಯ್ನಾಡಿನಿಂದ ಇಷ್ಟು ದೂರ ಬಂದು ನೆಲೆಸಿದರೂ ಕನ್ನಡದ ನುಡಿಯನ್ನು ಮನೆಮನೆಗಳಲ್ಲಿ ಉಳಿಸಿಕೊಂಡಿರುವ ನಿಮ್ಮ ಮುಂದೆ ನಿಂತು ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯವೆಂದು ಭಾವಿಸುತ್ತೇನೆ. ಈ ದಿನದ ಉಪನ್ಯಾಸಕ್ಕೆ ನಾನು ಮೊದಲು ಆರಿಸಿಕೊಂಡಿದ್ದ ವಿಷಯವೇ ಬೇರೆ. ನಾನು ಇಳಿದುಕೊಂಡಿರುವ ಮನೆಯಲ್ಲಿ ಕೆಲವು ದಿನಗಳ ಹಿಂದೆ ನಡೆದ ಒಂದು ಸಣ್ಣ ಪ್ರಸಂಗ ಅದನ್ನು ಬದಲಾಯಿಸಿತು.

ಆ ಮನೆಯ ಒಂಬತ್ತು ವರ್ಷದ ಹುಡುಗಿ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ತಾಯಿಯನ್ನು ಕೇಳಿದಳು: "ಅಮ್ಮ, ಲೋಕ ಮುಗಿಯೋ ದಿನ ಬಂದಾಗ ನನ್ನ ಫ್ರೆಂಡನ್ನ ದೇವರು ಮೇಲಕ್ಕೆ ಕರಕೊಂಡು ಹೋಗ್ತಾನಂತೆ. ನಾವೆಲ್ಲ ಇಲ್ಲೇ ಉಳೀತೀವಂತೆ. ಹೌದಾ?" ತಾಯಿಗೆ ಏನು ಹೇಳಬೇಕೆಂದು ತೋಚಲಿಲ್ಲ. ತಂದೆ ನಕ್ಕು, ಅದೆಲ್ಲ ಕಟ್ಟುಕಥೆ ಎಂದರು. ಆ ನಗು ಮಗುವಿನ ಭಯವನ್ನು ಕಳೆಯಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವಳು ನನ್ನ ಬಳಿ ಬಂದು, "ತಾತ, ನೀವು ಹಿಸ್ಟರಿ ಮೇಷ್ಟ್ರಲ್ವಾ, ನೀವು ಹೇಳಿ" ಎಂದಳು. ನಲವತ್ತು ವರ್ಷ ಪಾಠ ಹೇಳಿದವನಿಗೆ ಆ ಕ್ಷಣದಲ್ಲಿ ಒಂದು ವಾಕ್ಯವೂ ಹೊರಡಲಿಲ್ಲ. ಇಂಥ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಗಳಿಗೂ ಬಂದಿರಬಹುದು. ಆ ಮಗುವಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆದುರು ನಿಧಾನವಾಗಿ ಜೋಡಿಸಿಕೊಳ್ಳಲು ಯತ್ನಿಸುತ್ತೇನೆ.

ಮೊದಲನೆಯದಾಗಿ, ಇದು ನಕ್ಕು ತಳ್ಳಿಹಾಕುವ ಸಂಗತಿಯಲ್ಲ. ನಮ್ಮಲ್ಲಿ ಹಿರಿಯರಿಗೆ 1962ರ ಫೆಬ್ರವರಿಯ ಅಷ್ಟಗ್ರಹ ಕೂಟ ನೆನಪಿರಬೇಕು. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರುತ್ತವೆ, ಪ್ರಳಯವೇ ಆಗುತ್ತದೆ ಎಂಬ ಭೀತಿ ಇಡೀ ಭಾರತವನ್ನು ಆವರಿಸಿತ್ತು. ಊರೂರುಗಳಲ್ಲಿ ಹೋಮಗಳು ನಡೆದವು. ಆಗ ನಾನು ಚಿಕ್ಕ ಹುಡುಗ. ನಮ್ಮ ಅಜ್ಜಿ ನನ್ನನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ರಾತ್ರಿಯೆಲ್ಲ ಎಚ್ಚರವಾಗಿದ್ದರು. ಬೆಳಗಾಯಿತು; ಎಂದಿನಂತೆ ಹಾಲಿನವನು ಬಂದ. ಅಜ್ಜಿ ಆ ಹಾಲಿನವನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಲೋಕದ ಅಂತ್ಯದ ಭಯ ಯಾವುದೊಂದು ಮತದವರ ಸ್ವತ್ತೂ ಅಲ್ಲ, ಅವಿದ್ಯಾವಂತರ ಸ್ವತ್ತೂ ಅಲ್ಲ.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಪುರಾಣಗಳ ಕಾಲ ಚಕ್ರದಂತೆ ತಿರುಗುತ್ತದೆ. ಕಲಿಯುಗವೊಂದಕ್ಕೇ 4,32,000 ವರ್ಷಗಳ ಲೆಕ್ಕವಿದೆ. ಪೂಜೆಯ ಸಂಕಲ್ಪದಲ್ಲಿ ನಾವು ಆ ಯುಗದ ಮೊದಲ ಪಾದದಲ್ಲಿದ್ದೇವೆಂದು ದಿನವೂ ಹೇಳಿಕೊಳ್ಳುತ್ತೇವೆ. ಕ್ರೈಸ್ತ ಧರ್ಮದ ಕಾಲವಾದರೋ ಒಂದೇ ದಾರಿಯಲ್ಲಿ ಮುಂದೆ ಸಾಗುವ ಯಾತ್ರೆ. ಅದಕ್ಕೆ ಸೃಷ್ಟಿಯೆಂಬ ಆರಂಭವಿದೆ. ಕ್ರಿಸ್ತನ ಪುನರಾಗಮನ, ನ್ಯಾಯತೀರ್ಪು, ಹೊಸ ಆಕಾಶ ಹೊಸ ಭೂಮಿ ಎಂಬ ಗುರಿಯಿದೆ. ಆದ್ದರಿಂದ ಶ್ರದ್ಧಾವಂತ ಕ್ರೈಸ್ತನಿಗೆ ಕಡೆಯ ದಿನವೆಂಬುದು ಧರ್ಮದ ಅಂಚಿನ ವಿಷಯವಲ್ಲ, ಅವನ ನಿರೀಕ್ಷೆಯ ತಿರುಳು.

ಈ ನಿರೀಕ್ಷೆಗೆ ಮುಖ್ಯ ಆಧಾರಗಳು ಎರಡು. ಒಂದು ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ; ಇನ್ನೊಂದು ಹೊಸ ಒಡಂಬಡಿಕೆಯ ಕೊನೆಯದಾದ ಪ್ರಕಟನೆಯ ಗ್ರಂಥ. ಪ್ರಕಟನೆಯ ಗ್ರಂಥ ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ, ರೋಮನ್ ಚಕ್ರಾಧಿಪತ್ಯದ ನೆರಳಿನಲ್ಲಿ ಬದುಕುತ್ತಿದ್ದ ಏಷ್ಯಾ ಮೈನರಿನ ಏಳು ಸಭೆಗಳನ್ನು ಉದ್ದೇಶಿಸಿ ಬರೆದದ್ದೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಮೃಗಗಳಿವೆ, ಮುದ್ರೆಗಳಿವೆ, ತುತೂರಿಗಳಿವೆ, 666 ಎಂಬ ಸಂಖ್ಯೆಯಿದೆ. ಭಯ ಹುಟ್ಟಿಸುವುದೇ ಅದರ ಉದ್ದೇಶವೆಂದು ನಾವು ಎಣಿಸುತ್ತೇವೆ. ಆದರೆ ಅದರ ಮೊದಲ ಓದುಗರು ಪೀಡನೆಯ ಆತಂಕದಲ್ಲಿದ್ದ ಸಣ್ಣ ಸಣ್ಣ ಗುಂಪುಗಳವರು. ಈ ದಬ್ಬಾಳಿಕೆಗೂ ಒಂದು ಕೊನೆಯಿದೆ ಎಂಬ ಸಮಾಧಾನವನ್ನೇ ಅವರು ಅದರಲ್ಲಿ ಕೇಳಿಸಿಕೊಂಡರು.

ಇನ್ನೂ ಮುಖ್ಯವಾದ ಮಾತೊಂದಿದೆ. ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ತಂದೆಯಾದ ದೇವರ ಹೊರತು ಬೇರಾರೂ ಅರಿಯರು ಎಂದು ಸುವಾರ್ತೆಯಲ್ಲಿ ಯೇಸುವೇ ಹೇಳುತ್ತಾನೆ. ಪೌಲನ ಹೆಸರಿನಲ್ಲಿರುವ ಥೆಸಲೋನಿಕದವರ ಪತ್ರದಲ್ಲಿ, ಕೆಲಸ ಬಿಟ್ಟು ಕುಳಿತವರಿಗೆ ದುಡಿದು ತಿನ್ನಿರೆಂಬ ಬುದ್ಧಿವಾದವಿದೆ. ಅಂತ್ಯ ಸಮೀಪಿಸಿತೆಂದು ಅವರು ಕೈಚೆಲ್ಲಿದ್ದರೆಂಬುದು ಅನೇಕ ವಿದ್ವಾಂಸರ ಊಹೆ. 410ರಲ್ಲಿ ರೋಮ್ ನಗರ ಸೂರೆಯಾದ ಮೇಲೆ ಸಂತ ಅಗಸ್ಟೀನನು ದೇವನಗರವನ್ನು ಕುರಿತ ತನ್ನ ಮಹಾಗ್ರಂಥವನ್ನು ರಚಿಸಿದನು. ಉಳಿದ ವರ್ಷಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದವರು ಆ ಬೆರಳುಗಳಿಗೆ ವಿಶ್ರಾಂತಿ ಕೊಡಲಿ ಎಂಬ ಅರ್ಥದ ಮಾತು ಅದರಲ್ಲಿದೆ. ಎಂದರೆ, ನಿರೀಕ್ಷೆ ಎಷ್ಟು ಹಳೆಯದೋ ದಿನಾಂಕ ಕಟ್ಟಬೇಡಿರೆಂಬ ಎಚ್ಚರಿಕೆಯೂ ಅಷ್ಟೇ ಹಳೆಯದು. ಆದರೂ ಮನುಷ್ಯನ ಬೆರಳು ಸುಮ್ಮನಿರಲಿಲ್ಲ.

ಜರ್ಮನಿಯ ನೈರುತ್ಯ ಭಾಗದಲ್ಲಿ ವ್ಯುರ್ಟೆಂಬರ್ಗ್ ಎಂಬ ಸೀಮೆಯಿದೆ. ದ್ರಾಕ್ಷಿತೋಟಗಳ, ನೇಕಾರರ, ಬೈಬಲ್ ಓದುವ ಶ್ರದ್ಧಾಳು ರೈತರ ನಾಡು ಅದು. ಅಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಎಂಬ ಮಹಾ ಪಂಡಿತನಿದ್ದನು. ಡೆಂಕೆನ್‌ಡಾರ್ಫ್‌ನ ಮಠಶಾಲೆಯಲ್ಲಿ ಸುಮಾರು 28 ವರ್ಷ ಅಧ್ಯಾಪಕನಾಗಿದ್ದವನು. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ 1734ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಹೊರತಂದನು. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವಾಗಿರುವ ಸಂಭವ ಹೆಚ್ಚು ಎಂಬ ಅವನ ಸೂತ್ರ ಇಂದಿಗೂ ಗ್ರಂಥಸಂಪಾದನೆಯಲ್ಲಿ ಮಾನ್ಯವಾಗಿದೆ. ಪಂಪನ, ರನ್ನನ ಕಾವ್ಯಗಳನ್ನು ತಾಳೆಗರಿಗಳಿಂದ ಸಂಪಾದಿಸಿದ ನಮ್ಮ ವಿದ್ವಾಂಸರಿಗೂ ಈ ವಿವೇಕ ಚಿರಪರಿಚಿತ.

ಇಂಥ ಬೆಂಗೆಲನೇ ಪ್ರಕಟನೆಯ ಗ್ರಂಥದ ಸಂಖ್ಯೆಗಳನ್ನು ಕೈಗೆತ್ತಿಕೊಂಡನು. ಮೃಗದ ಸಂಖ್ಯೆಯಾದ 666ನ್ನು ವರ್ಷಗಳೆಂದೂ, ಅದೇ ಗ್ರಂಥದ 42 ತಿಂಗಳುಗಳು ಆ ವರ್ಷಗಳಿಗೆ ಸಮವೆಂದೂ ಎಣಿಸಿದನು. ಹೀಗೆ ಪ್ರವಾದನೆಯ ಒಂದು ತಿಂಗಳಿಗೆ ಹದಿನಾರಕ್ಕೆ ತುಸು ಕಡಿಮೆ ವರ್ಷಗಳಾದವು. ಈ ಅಳತೆಗೋಲಿನಿಂದ ಚರಿತ್ರೆಯನ್ನು ಅಳೆದು, ಕೆಡುಕಿನ ಆಳ್ವಿಕೆ ಮುರಿದು ಸಾವಿರ ವರ್ಷದ ಶಾಂತಿರಾಜ್ಯ ಆರಂಭವಾಗುವ ದಿನ 18 ಜೂನ್ 1836 ಎಂದು ಸೂಚಿಸಿದನು. ಆದರೆ ಪಂಡಿತನ ಪ್ರಾಮಾಣಿಕತೆ ಅವನನ್ನು ಬಿಡಲಿಲ್ಲ. 1836 ಗಮನಾರ್ಹ ಬದಲಾವಣೆಯಿಲ್ಲದೆ ಕಳೆದರೆ ತನ್ನ ಪದ್ಧತಿಯಲ್ಲಿ ಮೂಲಭೂತ ದೋಷವಿದೆಯೆಂದು ತಿಳಿದು ಅದೆಲ್ಲಿದೆಯೆಂದು ಹುಡುಕಬೇಕು ಎಂದು ಅವನೇ ಹೇಳಿಟ್ಟನು. ಪಂಡಿತನ ಈ ಹಿಂಜರಿಕೆಯನ್ನು ಜನ ಮರೆತರು; ದಿನಾಂಕವನ್ನು ಮಾತ್ರ ನೆನಪಿಟ್ಟುಕೊಂಡರು.

ಅವನು ತೀರಿಕೊಂಡ ಮೇಲೆ ಫ್ರಾನ್ಸಿನ ಕ್ರಾಂತಿ ಬಂತು, ನೆಪೋಲಿಯನ್ ಬಂದನು. ವ್ಯುರ್ಟೆಂಬರ್ಗಿನ ರೈತರ ಮಕ್ಕಳು ಅವನ ಸೇನೆಯಲ್ಲಿ ಸೇರಿ ರಷ್ಯದ ಹಿಮದಲ್ಲಿ ಸತ್ತರು. 1815ರಲ್ಲಿ ಇಂಡೋನೇಷ್ಯದ ತಂಬೋರ ಅಗ್ನಿಪರ್ವತ ಸಿಡಿಯಿತು. ಅದರ ಬೂದಿ ಜಗತ್ತಿನ ಆಕಾಶವನ್ನು ಮಬ್ಬಾಗಿಸಿತು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಧಾನ್ಯ ಹೊಲದಲ್ಲೇ ಕೊಳೆತು ಕ್ಷಾಮ ತಲೆದೋರಿತು. ಯುದ್ಧ, ಕ್ಷಾಮ, ಸಾವು ಎಲ್ಲವೂ ಪ್ರಕಟನೆಯ ಗ್ರಂಥದ ಪುಟಗಳಿಂದ ಇಳಿದು ಬಂದಂತೆ ತೋರಿತು. 1836 ಇನ್ನು ಇಪ್ಪತ್ತೇ ವರ್ಷ ದೂರ. ಹೀಗಿರುವಾಗ ವಿಶ್ವಾಸಿಯಾದವನು ಮಾಡಬೇಕಾದುದೇನು? ಒಂದೇ ಸೀಮೆಯ ಜನ ಈ ಪ್ರಶ್ನೆಗೆ ಮೂರು ದಿಕ್ಕಿನ ಉತ್ತರಗಳನ್ನು ಕೊಟ್ಟರು.

ಮೊದಲನೆಯ ಗುಂಪು ಪೂರ್ವಕ್ಕೆ ಹೊರಟಿತು. ಕಡೆಯ ಸಂಕಟದಲ್ಲಿ ಆಶ್ರಯ ಪೂರ್ವದಲ್ಲಿದೆ ಎಂಬುದು ಅವರ ನಂಬಿಕೆ. 1817ರಲ್ಲಿ ಸಾವಿರಾರು ಜನ ಉಲ್ಮ್ ಪಟ್ಟಣದಿಂದ ಡ್ಯಾನ್ಯೂಬ್ ನದಿಯಲ್ಲಿ ದೋಣಿಗಳನ್ನೇರಿದರು. ದಾರಿಯಲ್ಲಿ ರೋಗ ಹಬ್ಬಿ ಅಸಂಖ್ಯ ಕುಟುಂಬಗಳು ಮಕ್ಕಳನ್ನೂ ಮುದುಕರನ್ನೂ ಕಳೆದುಕೊಂಡವು. ಉಳಿದವರಲ್ಲಿ ಕೆಲವರು ರಷ್ಯದ ಚಕ್ರವರ್ತಿಯ ಅನುಮತಿ ಪಡೆದು ಕಾಕಸಸ್ ಪರ್ವತಗಳಾಚೆ, ಇಂದಿನ ಜಾರ್ಜಿಯ ಮತ್ತು ಅಜರ್‌ಬೈಜಾನ್ ದೇಶಗಳಲ್ಲಿ ಹಳ್ಳಿಗಳನ್ನು ಕಟ್ಟಿದರು. 1836 ಬಂತು, ಹೋಯಿತು. ಅವರು ನೆಟ್ಟ ದ್ರಾಕ್ಷಿಬಳ್ಳಿಗಳು ಮಾತ್ರ ಫಲ ಕೊಟ್ಟವು. ಅವರ ಮೊಮ್ಮಕ್ಕಳ ಮಕ್ಕಳಿಗೆ ನಿಜವಾದ ಪ್ರಳಯ ಬಂದದ್ದು 1941ರಲ್ಲಿ, ಸ್ಟಾಲಿನ್ ಸರಕಾರ ಆ ಜರ್ಮನರನ್ನೆಲ್ಲ ಕಿತ್ತು ಕಜಾಕ್‌ಸ್ತಾನ, ಸೈಬೀರಿಯಗಳಿಗೆ ಅಟ್ಟಿದಾಗ. ಅದನ್ನು ಯಾವ ಗಣಿತವೂ ಮುಂಚಿತವಾಗಿ ಹೇಳಿರಲಿಲ್ಲ.

ಎರಡನೆಯ ಗುಂಪು ಇದಕ್ಕೂ ಮೊದಲೇ ಪಶ್ಚಿಮಕ್ಕೆ, ನೀವೀಗ ನೆಲೆಸಿರುವ ಈ ಅಮೆರಿಕಕ್ಕೆ ಬಂದಿತ್ತು. ಅದರ ನಾಯಕ ಜಾರ್ಜ್ ರಾಪ್, ವ್ಯುರ್ಟೆಂಬರ್ಗಿನ ಒಬ್ಬ ನೇಕಾರ. ಕ್ರಿಸ್ತನ ಆಗಮನ ತನ್ನ ಜೀವಿತಕಾಲದಲ್ಲೇ ಆಗುವುದೆಂದು ದೃಢವಾಗಿ ನಂಬಿದ್ದವನು. 1805ರಲ್ಲಿ ಪೆನ್ಸಿಲ್ವೇನಿಯದಲ್ಲಿ ಅವನ ಅನುಯಾಯಿಗಳು ತಮ್ಮ ಆಸ್ತಿಯನ್ನೆಲ್ಲ ಒಂದುಗೂಡಿಸಿ ಹಾರ್ಮನಿ ಸಂಘವನ್ನು ಸ್ಥಾಪಿಸಿದರು. 1807ರಿಂದ ಬ್ರಹ್ಮಚರ್ಯವನ್ನು ಕೈಗೊಂಡರು. 1814ರಲ್ಲಿ ಇಂಡಿಯಾನಕ್ಕೆ ಹೋಗಿ ಊರು ಕಟ್ಟಿ, ಹತ್ತು ವರ್ಷಗಳ ಮೇಲೆ ಅದನ್ನು ಸಮಾಜ ಸುಧಾರಕ ರಾಬರ್ಟ್ ಓವನ್‌ಗೆ ಮಾರಿ, ಪಿಟ್ಸ್‌ಬರ್ಗ್ ಸಮೀಪದ ಓಹಾಯೊ ನದಿಯ ದಂಡೆಗೆ ಮರಳಿದರು. ನಿಮ್ಮಲ್ಲಿ ಅನೇಕರು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಾಲಯಕ್ಕೆ ಹೋಗಿ ಬಂದವರು. ಮುಂದಿನ ಸಲ ಹೋದಾಗ ಆ್ಯಂಬ್ರಿಜ್ ಪಟ್ಟಣದಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಆ ಹಳೆಯ ಊರನ್ನೂ ನೋಡಿ ಬನ್ನಿರಿ. ಅವರ ಸ್ಮಶಾನದಲ್ಲಿ ಗೋರಿಕಲ್ಲುಗಳಿಲ್ಲ. ಯಾರು ಎಲ್ಲಿ ಮಲಗಿದ್ದಾರೆಂಬ ಗುರುತಿಲ್ಲ.

ರೇಷ್ಮೆ, ಉಣ್ಣೆ, ದ್ರಾಕ್ಷಾರಸ ಇವುಗಳಿಂದ ಆ ಸಂಘ ಅಪಾರ ಸಂಪತ್ತು ಗಳಿಸಿತು. ಆದರೆ ಕಾಯುವವರ ಮನಸ್ಸು ಎಷ್ಟು ಮೃದುವೆಂಬುದು 1831ರಲ್ಲಿ ತಿಳಿಯಿತು. ಲಿಯೋನ್ ಪ್ರಭುವೆಂದು ಹೇಳಿಕೊಂಡ ಬರ್ನ್‌ಹಾರ್ಡ್ ಮ್ಯೂಲರ್ ಎಂಬವನು ಯುರೋಪಿನಿಂದ ಪರಿವಾರಸಮೇತ ಬಂದಿಳಿದನು. ತಾವು ಕಾಯುತ್ತಿದ್ದ ಮಹಾಪುರುಷ ಇವನೇ ಎಂದು ಹಲವರು ನಂಬಿದರು. ಮರುವರ್ಷ ಸಂಘದ ಸುಮಾರು ಮೂರನೆಯ ಒಂದು ಭಾಗ ಅವನ ಹಿಂದೆ ಹೊರಟುಹೋಯಿತು. ರಾಪ್ 1847ರಲ್ಲಿ ಕಾಯುತ್ತಲೇ ತೀರಿಕೊಂಡನು. ಮಕ್ಕಳಿಲ್ಲದ ಸಂಘ ಕರಗುತ್ತ ಕರಗುತ್ತ 1905ರಲ್ಲಿ ವಿಸರ್ಜನೆಯಾಯಿತು. ಅವರ ಶ್ರದ್ಧೆಯನ್ನಾಗಲಿ ಶ್ರಮವನ್ನಾಗಲಿ ನಾನು ಹಳಿಯುವುದಿಲ್ಲ. ಆದರೆ ನಾಳೆಗಾಗಿ ಬಾಗಿಲು ತೆರೆದಿಟ್ಟವರು ನಾಳಿನ ಪೀಳಿಗೆಗೆ ಬಾಗಿಲು ಮುಚ್ಚಿದಂತಾಯಿತು.

ಮೂರನೆಯ ದಿಕ್ಕು ನಮಗೆ ತೀರ ಹತ್ತಿರದ್ದು. ಇದೇ ಶ್ರದ್ಧಾಳುಗಳ ವಲಯದಲ್ಲಿ ಇನ್ನೊಂದು ವಿಚಾರವಿತ್ತು. ಅಂತ್ಯಕ್ಕೆ ಮುನ್ನ ಸುವಾರ್ತೆ ಎಲ್ಲ ಜನಾಂಗಗಳಿಗೂ ತಲುಪಬೇಕಷ್ಟೆ. ಹಾಗಿದ್ದಲ್ಲಿ ಅಡಗುವುದಕ್ಕಿಂತ ಹೊರಟು ದುಡಿಯುವುದೇ ಮೇಲು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಾಧಿಕಾರಿ ಬ್ಲೂಮ್‌ಹಾರ್ಟ್ ವ್ಯುರ್ಟೆಂಬರ್ಗಿನವನು. ಅಲ್ಲಿ ತರಬೇತಿ ಪಡೆದ ತರುಣರಲ್ಲಿ ಬಹುಪಾಲು ಆ ಸೀಮೆಯವರೇ, ಬೆಂಗೆಲನ ಗ್ರಂಥಗಳ ಗಾಳಿಯಲ್ಲಿ ಬೆಳೆದವರು. ಕಂಪೆನಿ ಸರಕಾರದ 1833ರ ಸನ್ನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು.

ಬೆಂಗೆಲನ ದಿನಾಂಕ ಸುಮ್ಮನೆ ಕಳೆದುಹೋದ ಆ 1836ರಲ್ಲೇ ಹೆರ್ಮನ್ ಮೋಗ್ಲಿಂಗ್ ಎಂಬ ಇಪ್ಪತ್ತೈದರ ತರುಣ ನಮ್ಮ ಕರಾವಳಿಗೆ ಬಂದನು. ಅವನೂ ವ್ಯುರ್ಟೆಂಬರ್ಗಿನವನು. ಅವನ ಬರವಿಗೆ ಆ ದಿನಾಂಕ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಲೋಕ ಹೊಸದಾಗಬೇಕಾಗಿದ್ದ ವರ್ಷದಲ್ಲಿ ಅವನು ಹೊಸ ಭಾಷೆಯೊಂದರ ಅಕ್ಷರಾಭ್ಯಾಸಕ್ಕೆ ತೊಡಗಿದನೆಂಬುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. 1843ರ ಜುಲೈ 1ರಂದು ಅವನು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದನು. ಅದೇ ಕನ್ನಡದ ಮೊದಲ ಪತ್ರಿಕೆ. ಮುಂದೆ ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಮಾಡಿಸಿದನು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ಮಿಷನ್ನಿನ ಕಿಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟನ್ನು ಬಲ್ಲದವರು ನಮ್ಮಲ್ಲಿ ಯಾರಿದ್ದಾರೆ?

ಇವರ ಉದ್ದೇಶ ಮತಪ್ರಚಾರವೇ ಆಗಿತ್ತು. ನಮ್ಮ ದೇವರುಗಳನ್ನೂ ಆಚಾರಗಳನ್ನೂ ಅವರು ಕಟುವಾಗಿ ಟೀಕಿಸಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾದುದಿಲ್ಲ. ಒಂದು ವಿಚಿತ್ರ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. 1840ರ ಆಸುಪಾಸಿನಲ್ಲಿ ಧಾರವಾಡ ಸೀಮೆಯ ಕಾಲಜ್ಞಾನದ ಅನುಯಾಯಿಗಳಾದ ಕೆಲವರು ಈ ಪಾದ್ರಿಗಳ ಬಳಿಗೆ ಬಂದರು. ಮುಂದಿನ ಕಾಲವನ್ನು ಕುರಿತ ತಮ್ಮ ಗ್ರಂಥಗಳ ಮಾತು ಇವರಲ್ಲಿ ನಿಜವಾಗುತ್ತಿದೆಯೇ ಎಂಬ ಕುತೂಹಲ ಅವರಿಗೆ. ಜನಸಮೂಹವೇ ತಮ್ಮ ಕಡೆ ಬರುತ್ತಿದೆಯೆಂಬ ಆಸೆ ಪಾದ್ರಿಗಳಿಗೆ. ಎರಡು ದೇಶಗಳ ಎರಡು ನಿರೀಕ್ಷೆಗಳು ಒಂದನ್ನೊಂದು ಸಂಧಿಸಿದವು. ಯಾವುದೂ ಎಣಿಸಿದಂತೆ ಆಗಲಿಲ್ಲ. ಜನ ತಮ್ಮ ತಮ್ಮ ಹೊಲಗಳಿಗೆ ಮರಳಿದರು. ಪಾದ್ರಿಗಳು ತಮ್ಮ ಶಾಲೆಗಳಿಗೆ ಮರಳಿದರು. ಉಳಿದದ್ದು ಶಾಲೆ, ಅಚ್ಚುಕೂಟ, ನಿಘಂಟು.

ಇನ್ನು ಅಮೆರಿಕದ್ದೇ ಆದ ಪ್ರಸಂಗಕ್ಕೆ ಬರೋಣ. ನ್ಯೂಯಾರ್ಕ್ ಸಂಸ್ಥಾನದ ಲೋ ಹ್ಯಾಂಪ್ಟನ್ ಎಂಬಲ್ಲಿ ವಿಲಿಯಂ ಮಿಲ್ಲರ್ (1782-1849) ಎಂಬ ರೈತನಿದ್ದನು. 1812ರ ಯುದ್ಧದಲ್ಲಿ ಹೋರಾಡಿ ಬಂದವನು. ಮೊದಲು ಬೈಬಲನ್ನು ನಂಬದಿದ್ದ ಆತ 1816ರಲ್ಲಿ ವಿಶ್ವಾಸಿಯಾಗಿ ಅದನ್ನು ಸಾಲುಸಾಲಾಗಿ ಓದತೊಡಗಿದನು. ದಾನಿಯೇಲನ ಗ್ರಂಥದಲ್ಲಿ 2,300 ದಿನಗಳ ಒಂದು ಮಾತಿದೆ. ದಿನವೆಂದರೆ ವರ್ಷವೆಂದು ಗ್ರಹಿಸಿ, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತನ ಆಗಮನ 1843ರ ಸುಮಾರಿಗೆ ಆಗುವುದೆಂದು ಲೆಕ್ಕ ಹಾಕಿದನು. ಹಲವು ವರ್ಷ ಅದನ್ನು ಬಹಿರಂಗವಾಗಿ ಸಾರಲಿಲ್ಲ. ತಪ್ಪಿರಬಹುದೆಂದು ತಾನೇ ಅಂಜಿದನು. 1831ರಲ್ಲಿ ಉಪದೇಶಕ್ಕೆ ತೊಡಗಿದನು. 1840ರಲ್ಲಿ ಬಾಸ್ಟನ್ನಿನ ಜೋಶುವಾ ಹೈಮ್ಸ್ ಪತ್ರಿಕೆಯೊಂದನ್ನು ಆರಂಭಿಸಿದ ಮೇಲೆ ಆ ಸಂದೇಶ ಕಾಡ್ಗಿಚ್ಚಿನಂತೆ ಹಬ್ಬಿತು. ಅನುಯಾಯಿಗಳು 50,000ದಿಂದ 1,00,000 ಇದ್ದಿರಬಹುದೆಂದು ಚರಿತ್ರಕಾರರ ಅಂದಾಜು.

1843 ಕಳೆಯಿತು. ಕ್ರಿ.ಪೂ. 1ಕ್ಕೂ ಕ್ರಿ.ಶ. 1ಕ್ಕೂ ನಡುವೆ ಸೊನ್ನೆಯ ವರ್ಷವಿಲ್ಲ, ಆದ್ದರಿಂದ ಲೆಕ್ಕಕ್ಕೆ ಒಂದು ವರ್ಷ ಸೇರಬೇಕೆಂದು ಕಂಡುಕೊಂಡರು. ಸ್ಯಾಮ್ಯುಯೆಲ್ ಸ್ನೋ ಎಂಬ ಉಪದೇಶಕ ಯೆಹೂದ್ಯ ಪಂಚಾಂಗದ ಆಧಾರದಿಂದ 1844ರ ಅಕ್ಟೋಬರ್ 22 ಎಂದು ದಿನವನ್ನೇ ನಿಶ್ಚಯಿಸಿದನು. ಕೆಲವರು ಅಂಗಡಿ ಮುಚ್ಚಿದರು, ಬೆಳೆಯನ್ನು ಹೊಲದಲ್ಲೇ ಬಿಟ್ಟರು, ಸಾಲಗಳನ್ನು ತೀರಿಸಿದರು, ಜಗಳವಾಡಿದವರ ಕ್ಷಮೆ ಕೇಳಿದರು. ಅವರು ಬಿಳಿಯ ನಿಲುವಂಗಿ ತೊಟ್ಟು ಗುಡ್ಡದ ಮೇಲೆ ಕುಳಿತಿದ್ದರೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅದು ಹಾಸ್ಯಗಾರರು ಕಟ್ಟಿದ್ದು, ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬಹುಮಂದಿ ಮನೆಗಳಲ್ಲಿ, ಸಭಾಮಂದಿರಗಳಲ್ಲಿ ಪ್ರಾರ್ಥಿಸುತ್ತ ಕುಳಿತಿದ್ದರು. ಗಡಿಯಾರ ಹನ್ನೆರಡು ಹೊಡೆಯಿತು. ಹೈರಮ್ ಎಡ್ಸನ್ ಎಂಬ ರೈತ, ತಾವೆಲ್ಲ ಬೆಳಗಾಗುವವರೆಗೂ ಅತ್ತೆವೆಂದು ಮುಂದೆ ಬರೆದಿಟ್ಟಿದ್ದಾನೆ. ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ಮಹಾ ನಿರಾಶೆ ಎಂದು ಹೆಸರು.

ಆ ಅಕ್ಟೋಬರ್ 23ರ ಬೆಳಗನ್ನು ಕಲ್ಪಿಸಿಕೊಳ್ಳಿರಿ. ನೆರೆಯವರು ಗೇಲಿ ಮಾಡುತ್ತಿದ್ದಾರೆ, ಆಲೂಗಡ್ಡೆ ಮಣ್ಣಿನಲ್ಲೇ ಇದೆ, ಮಕ್ಕಳಿಗೆ ಹಸಿವು. ವಿಶ್ವಾಸದ ನಿಜವಾದ ಪರೀಕ್ಷೆ ನಡೆದದ್ದು 22ರ ರಾತ್ರಿಯಲ್ಲ, ಆ ಬೆಳಗಿನಲ್ಲಿ. ಹಲವರು ಧರ್ಮವನ್ನೇ ತೊರೆದರು. ಕೆಲವರು ಹೊಸ ಹೊಸ ದಿನಾಂಕಗಳನ್ನು ಹುಡುಕಿದರು. ಮಿಲ್ಲರ್ ತನ್ನ ಎಣಿಕೆ ತಪ್ಪಿತೆಂದು ಒಪ್ಪಿಕೊಂಡನು. ಕ್ರಿಸ್ತನ ಆಗಮನದಲ್ಲಿ ಮಾತ್ರ ನಂಬಿಕೆ ಬಿಡಲಿಲ್ಲ. ಇನ್ನು ಕೆಲವರು ತಮ್ಮ ಅನುಭವವನ್ನು ಮತ್ತೆ ಶೋಧಿಸಿ, 1863ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತರಾದರು. ಅಂತ್ಯ ಹತ್ತಿರವಿದೆಯೆಂಬ ನಂಬಿಕೆ ಅವರಲ್ಲಿ ಇಂದಿಗೂ ಇದೆ. ಆದರೆ ದಿನ ಗೊತ್ತು ಮಾಡುವುದನ್ನು ಬಿಟ್ಟು ಅವರು ಆಸ್ಪತ್ರೆಗಳನ್ನೂ ಶಾಲೆಗಳನ್ನೂ ಕಟ್ಟಿದರು. ಕ್ಯಾಲಿಫೋರ್ನಿಯದ ಲೋಮ ಲಿಂಡ ವೈದ್ಯಕೀಯ ಕೇಂದ್ರ ಅವರದು. ಬೆಂಗಳೂರಿನ ಲೌರಿ ವಿದ್ಯಾಸಂಸ್ಥೆಯೂ ಅವರದೇ. ನಿಮ್ಮ ಮಕ್ಕಳು ಬೆಳಿಗ್ಗೆ ಹಾಲಿನಲ್ಲಿ ಹಾಕಿಕೊಂಡು ತಿನ್ನುವ ಕಾರ್ನ್ ಫ್ಲೇಕ್ಸ್ ಕೂಡ ಬ್ಯಾಟಲ್ ಕ್ರೀಕ್‌ನ ಅವರ ಆರೋಗ್ಯಧಾಮದಲ್ಲಿ, ಸಸ್ಯಾಹಾರದ ಪ್ರಯೋಗಗಳಿಂದ ಹುಟ್ಟಿದ್ದು.

ಹಾಗಾದರೆ ಆ ಮಗುವಿನ ಗೆಳತಿ ಹೇಳಿದ ಮಾತು ಎಲ್ಲಿಂದ ಬಂತು? ವಿಶ್ವಾಸಿಗಳನ್ನು ಮೊದಲು ಮೇಲಕ್ಕೆ ಎತ್ತಿಕೊಳ್ಳಲಾಗುವುದು, ಉಳಿದವರು ಏಳು ವರ್ಷಗಳ ಸಂಕಟಕ್ಕೆ ಸಿಲುಕುವರು ಎಂಬ ಈ ವಿವರಣೆ ಹೆಚ್ಚು ಹಳೆಯದಲ್ಲ. ಜಾನ್ ನೆಲ್ಸನ್ ಡಾರ್ಬಿ (1800-1882) ಎಂಬ ಉಪದೇಶಕ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವ್ಯವಸ್ಥಿತವಾಗಿ ಬೋಧಿಸಿದನು. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡನ ಟಿಪ್ಪಣಿಗಳುಳ್ಳ ಬೈಬಲ್ ಇದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. 1970ರಲ್ಲಿ ಹಾಲ್ ಲಿಂಡ್ಸೆಯ ಪುಸ್ತಕ, 1995ರಿಂದ ಲಹೇ ಮತ್ತು ಜೆಂಕಿನ್ಸ್ ಬರೆದ ಕಾದಂಬರಿಮಾಲೆ ಲಕ್ಷೋಪಲಕ್ಷ ಪ್ರತಿಗಳಲ್ಲಿ ಮಾರಾಟವಾದವು. ಕ್ಯಾಥೊಲಿಕ್, ಆರ್ಥಡಾಕ್ಸ್ ಸಭೆಗಳೂ ಲೂಥರನ್ ಮೊದಲಾದ ಹಲವು ಪ್ರಾಟೆಸ್ಟಂಟ್ ಸಭೆಗಳೂ ಈ ವಿವರಣೆಯನ್ನು ಒಪ್ಪುವುದಿಲ್ಲ. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಉಪದೇಶಕ ಮೇ 21ರ ದಿನವನ್ನು ಹೆದ್ದಾರಿಗಳ ಫಲಕಗಳ ಮೇಲೆ ಸಾರಿದ್ದು ನಿಮಗೆ ನೆನಪಿರಬಹುದು. ಮರುವರ್ಷ ಆತನೂ ದಿನಾಂಕ ಹೇಳಿದ್ದು ಪಾಪವೆಂದು ಒಪ್ಪಿಕೊಂಡನು.

ಈ ಸಭೆಯಲ್ಲಿ ಮಂಗಳೂರು, ಧಾರವಾಡಗಳ ಕ್ರೈಸ್ತ ಮನೆತನಗಳವರೂ ಇದ್ದೀರಿ. ನಿಮ್ಮ ನಿರೀಕ್ಷೆಯನ್ನು ಅಲ್ಲಗಳೆಯುವ ಅಧಿಕಾರ ಇತಿಹಾಸಕಾರನಿಗಿಲ್ಲ. ಅವನು ಹೇಳಬಲ್ಲದ್ದು ಇಷ್ಟೇ: ದಿನಾಂಕಗಳು ಒಂದೊಂದಾಗಿ ಸೋತವು, ನಿರೀಕ್ಷೆ ಸೋಲಲಿಲ್ಲ. ಭಯದಿಂದ ಕಾದವರಲ್ಲಿ ಅನೇಕರು ಮೋಸಗಾರರ ಕೈಗೆ ಸಿಕ್ಕರು. ವಿಶ್ವಾಸದಿಂದ ಕಾದವರು ಕಾಯುತ್ತಲೇ ಬಳ್ಳಿ ನೆಟ್ಟರು, ರೋಗಿಗಳನ್ನು ಉಪಚರಿಸಿದರು, ತಮ್ಮದಲ್ಲದ ಭಾಷೆಗೆ ನಿಘಂಟು ಬರೆದರು. ಹಿಂದೂ ಮನೆಯ ಮಕ್ಕಳಿಗೆ ಇದರಲ್ಲಿ ನಾಚಿಕೊಳ್ಳುವಂಥದೂ ಇಲ್ಲ, ನಗುವಂಥದೂ ಇಲ್ಲ. ಗೆಳತಿಯ ನಂಬಿಕೆಯನ್ನು ಗೌರವಿಸಿಯೂ ಅವಳ ಭಯವನ್ನು ತಮ್ಮದಾಗಿಸಿಕೊಳ್ಳದೆ ಇರಬಹುದು.

ಕೊನೆಗೆ ಆ ಹುಡುಗಿಗೆ ನಾನು ಹೇಳಿದ ಕಥೆಯನ್ನು ನಿಮಗೂ ಹೇಳಿ ಮುಗಿಸುತ್ತೇನೆ. 1780ರ ಮೇ 19ರಂದು ನ್ಯೂ ಇಂಗ್ಲೆಂಡಿನಲ್ಲಿ ಹಾಡುಹಗಲೇ ಕತ್ತಲೆ ಕವಿಯಿತು. ಹಕ್ಕಿಗಳು ಗೂಡು ಸೇರಿದವು, ಮಧ್ಯಾಹ್ನದೂಟಕ್ಕೆ ಜನ ಮೇಣದ ಬತ್ತಿ ಹಚ್ಚಿದರು. ಅದು ಕಾಡ್ಗಿಚ್ಚಿನ ಹೊಗೆಯೆಂದು ಆಂಟೇರಿಯೊ ಪ್ರದೇಶದ ಮರಗಳ ಉಂಗುರಗಳ ಅಧ್ಯಯನದಿಂದ ಈಗ ತಿಳಿದಿದೆ. ಅಂದು ಯಾರಿಗೂ ತಿಳಿದಿರಲಿಲ್ಲ. ಹಾರ್ಟ್‌ಫರ್ಡ್‌ನಲ್ಲಿ ಕನೆಟಿಕಟ್‌ನ ಶಾಸನಸಭೆ ಸೇರಿತ್ತು. ನ್ಯಾಯತೀರ್ಪಿನ ದಿನ ಬಂತೆಂದು ಕೆಳಮನೆ ಎದ್ದುಹೋಯಿತು. ಮೇಲ್ಮನೆಯೂ ಏಳಬೇಕೆಂಬ ಸೂಚನೆ ಬಂದಾಗ ಏಬ್ರಹಾಂ ಡಾವೆನ್‌ಪೋರ್ಟ್ ಎಂಬ ಸದಸ್ಯ ಒಪ್ಪಲಿಲ್ಲ. ಇದು ಆ ದಿನವಲ್ಲವಾದರೆ ಏಳಲು ಕಾರಣವಿಲ್ಲ. ಆ ದಿನವೇ ಆದರೆ ತಾನು ಕರ್ತವ್ಯದಲ್ಲಿ ತೊಡಗಿರುವಾಗಲೇ ದೇವರ ಕಣ್ಣಿಗೆ ಬೀಳಬೇಕು ಎಂಬುದು ಅವನ ಅಭಿಪ್ರಾಯ. ಆದ್ದರಿಂದ ಮೇಣದ ಬತ್ತಿಗಳನ್ನು ತರಿಸಿರಿ ಎಂದನು.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. "ಆಮೇಲೆ ಬತ್ತಿ ತಂದರಾ ತಾತ?" ಎಂದು ಕೇಳಿದಳು. "ಹೂಂ ಮಗು, ಕೆಲಸ ಮುಂದುವರಿಯಬೇಕಲ್ಲ" ಎಂದೆ. ಅವಳು ಚೀಲ ತೆರೆದು ಮರುದಿನದ ಮನೆಪಾಠ ಬರೆಯಲು ಕುಳಿತಳು.